ಮರುಪ್ರಸಾರಕ್ಕೆ ಬಾರದ ಕಂತುಗಳು

‘ಪೆಪ್ಪಾ ಪಿಗ್’ ಕಾರ್ಟೂನು ನಮ್ಮ ಮನೆಗಳಿಗೂ ಹೊಸದಲ್ಲ. ತುತ್ತಿಗೊಮ್ಮೆ ಮೊಬೈಲು ತೋರಿಸಿ ಮಗುವಿಗೆ ಉಣ್ಣಿಸುವವರಿಗೆಲ್ಲ ಆ ಗುಲಾಬಿ ಬಣ್ಣದ ಹಂದಿಮರಿಯ ಪರಿಚಯ ಇದ್ದೇ ಇದೆ. ಅದರ ಒಂದು ಕಂತಿನಲ್ಲಿ ಜೇಡ ಕಂಡು ಪೆಪ್ಪಾ ಬೆದರುತ್ತಾಳೆ. ಜೇಡ ಪುಟ್ಟ ಜೀವಿ, ನಮಗೇನೂ ಮಾಡುವುದಿಲ್ಲ ಎಂದು ಅಪ್ಪ ಸಮಾಧಾನ ಮಾಡುತ್ತಾನೆ. ಇಂಗ್ಲೆಂಡಿನ ಮಟ್ಟಿಗೆ ಅಪ್ಪನ ಮಾತು ಸರಿ. ಆದರೆ ಆಸ್ಟ್ರೇಲಿಯಾದಲ್ಲಿ ಜೇಡವೆಂದರೆ ಆಸ್ಪತ್ರೆಗೆ ಕಳಿಸಬಲ್ಲ ಜೀವಿಯೂ ಹೌದು. ಮಕ್ಕಳು ಕಂಡ ಜೇಡವನ್ನೆಲ್ಲ ಕೈಯಲ್ಲಿ ಹಿಡಿಯಲು ಹೋದರೆ ಗತಿಯೇನು? 2012ರಲ್ಲಿ ಅಲ್ಲಿನ ಸರ್ಕಾರಿ ವಾಹಿನಿ ಎಬಿಸಿ ಆ ಕಂತನ್ನು ಕೈಬಿಟ್ಟಿತು. 2017ರಲ್ಲಿ ಅದು ಇನ್ನೊಂದು ಮಕ್ಕಳ ಚಾನೆಲ್ಲಿನಲ್ಲಿ ತಲೆಹಾಕಿತು, ದೂರು ಹೋಯಿತು, ಮತ್ತೆ ಮಾಯವಾಯಿತು.

ಟಿವಿ ಕಂತೊಂದು ಮರುಪ್ರಸಾರದ ಪಟ್ಟಿಯಿಂದ ಜಾರಿಹೋಗಲು ಎಂಥೆಂಥ ಕಾರಣಗಳಿವೆ ನೋಡಿ. ಜಪಾನಿನ ‘ಪೋಕೆಮಾನ್’ ಕಥೆ ಇದಕ್ಕಿಂತ ಗಂಭೀರ. 1997ರ ಡಿಸೆಂಬರ್ 16ರ ಸಂಜೆ ಪ್ರಸಾರವಾದ ಕಂತಿನಲ್ಲಿ ಪಿಕಾಚು ಮಿಂಚು ಹೊಡೆದು ಕ್ಷಿಪಣಿಗಳನ್ನು ಸಿಡಿಸುವ ದೃಶ್ಯವಿತ್ತು. ಕೆಲವೇ ಸೆಕೆಂಡುಗಳ ಕಾಲ ಪರದೆ ತುಂಬ ಕೆಂಪು–ನೀಲಿ ಬೆಳಕು, ಸೆಕೆಂಡಿಗೆ ಸುಮಾರು 12 ಸಲ ಝಗಝಗಿಸಿತು. ನೋಡುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ ತಲೆಸುತ್ತು, ವಾಂತಿ, ಕೆಲವರಿಗೆ ಫಿಟ್ಸ್. ಆಸ್ಪತ್ರೆಗೆ ಸಾಗಿಸಿದವರು 685 ಮಂದಿ. ಕಾರ್ಯಕ್ರಮ ನಾಲ್ಕು ತಿಂಗಳು ನಿಂತಿತು, ಆ ಕಂತು ಆಮೇಲೆ ಯಾವ ದೇಶದಲ್ಲೂ ಪ್ರಸಾರ ಕಾಣಲಿಲ್ಲ. ತಮಾಷೆಯೆಂದರೆ ಶಿಕ್ಷೆಯಾದದ್ದು ಪೋರಿಗಾನ್ ಎಂಬ ಪಾತ್ರಕ್ಕೆ. ಕಂತಿನ ಹೆಸರಿನಲ್ಲಿ ಇದ್ದದ್ದು ಅದೇ, ಹಾಗಾಗಿ ಸರಣಿಯಿಂದಲೇ ಅದು ಗಡೀಪಾರಾಯಿತು. ಮಿಂಚು ಹೊಡೆದ ಪಿಕಾಚು ಮಾತ್ರ ಇವತ್ತಿಗೂ ಮಕ್ಕಳ ಶಾಲಾ ಬ್ಯಾಗಿನ ಮೇಲೆ ನಗುತ್ತಿದೆ.

ಈ ಎರಡೂ ನಿರ್ಧಾರಗಳ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಶುರುವಾಗುವುದು ಮುಜುಗರದ ಕಾರಣಕ್ಕೆ ಕಂತು ಬಚ್ಚಿಡುವಾಗ. ‘ದಿ ಸಿಂಪ್ಸನ್ಸ್’ನ 1991ರ ಕಂತೊಂದಕ್ಕೆ ಮೈಕಲ್ ಜಾಕ್ಸನ್ ದನಿ ಕೊಟ್ಟಿದ್ದ. 2019ರಲ್ಲಿ ಅವನ ಮೇಲಿನ ಆರೋಪಗಳ ಸಾಕ್ಷ್ಯಚಿತ್ರ ಬಂದದ್ದೇ ತಡ, ನಿರ್ಮಾಪಕರೇ ಆ ಕಂತನ್ನು ಹಿಂದಕ್ಕೆ ಪಡೆದರು. ಮರುವರ್ಷ ಜೂನ್‌ನಲ್ಲಿ, ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆಯ ವಿರುದ್ಧ ಜನ ಬೀದಿಗಿಳಿದಿದ್ದ ಹೊತ್ತಿನಲ್ಲಿ, ಬ್ರಿಟನ್ನಿನ ‘ಫಾಲ್ಟಿ ಟವರ್ಸ್’ನ 1975ರ ಕಂತು ಒಂದು ಆನ್‌ಲೈನ್ ವೇದಿಕೆಯಿಂದ ಕಣ್ಮರೆಯಾಯಿತು. ಅದರಲ್ಲಿ ಒಬ್ಬ ಮುದಿ ಮೇಜರ್ ಜನಾಂಗೀಯ ಬೈಗುಳ ಆಡುತ್ತಾನೆ. ಆ ಮುದುಕನನ್ನು ಗೇಲಿ ಮಾಡುವುದಕ್ಕೇ ಆ ಮಾತು ಅವನ ಬಾಯಿಗೆ ಹಾಕಿದ್ದು ಎಂದು ಸರಣಿಯ ಬರಹಗಾರ, ನಟ ಜಾನ್ ಕ್ಲೀಸ್ ಸಿಡುಕಿದ. ಕೆಲವೇ ದಿನಗಳಲ್ಲಿ ಕಂತು ಎಚ್ಚರಿಕೆಯ ಎರಡು ಸಾಲು ಅಂಟಿಸಿಕೊಂಡು ಮರಳಿತು. ಆ ಎರಡು ಸಾಲನ್ನು ಮೊದಲೇ ಹಾಕಿದ್ದರೆ ಆಗುತ್ತಿತ್ತಲ್ಲ!

ಇಷ್ಟೆಲ್ಲ ಹೇಳಿದರೂ, ಹೀಗೆ ಬಚ್ಚಿಟ್ಟ ಕಂತುಗಳಿಗಾಗಿ ನಾನು ಅಳುವುದಿಲ್ಲ. ಅವು ಎಲ್ಲಿಗೂ ಹೋಗಿಲ್ಲ. ಹಳೆಯ ಡಿವಿಡಿಗಳಲ್ಲಿವೆ, ನಿಷೇಧದ ಖ್ಯಾತಿಯಿಂದಲೇ ಮೊದಲಿಗಿಂತ ಹೆಚ್ಚು ಜನ ಅವನ್ನು ಹುಡುಕಿ ನೋಡುತ್ತಾರೆ. ನಿಜವಾಗಿ ಸತ್ತುಹೋದವು ಬೇರೆ. ಅವನ್ನು ಯಾರೂ ನಿಷೇಧಿಸಲಿಲ್ಲ. ಅವುಗಳ ಮೇಲೆ ಯಾರಿಗೂ ಸಿಟ್ಟೂ ಇರಲಿಲ್ಲ.

ಬಿಬಿಸಿಯ ‘ಡಾಕ್ಟರ್ ಹೂ’ 1963ರಲ್ಲಿ ಶುರುವಾದ ಸರಣಿ. ಅದರ ಮೊದಲ ಆರು ವರ್ಷಗಳ 253 ಕಂತುಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಇವತ್ತು ಜಗತ್ತಿನ ಯಾವ ಕಪಾಟಿನಲ್ಲೂ ಸಿಗುವುದಿಲ್ಲ. ಬೆಂಕಿ ಬಿದ್ದಿದ್ದಲ್ಲ, ಕಳವಾದದ್ದಲ್ಲ. ಆಗಿನ ಎರಡಿಂಚು ಅಗಲದ ವಿಡಿಯೊ ಟೇಪು ದುಬಾರಿ ಮಾಲು. ಒಂದು ಕಂತು ಅಳಿಸಿದರೆ ಅದೇ ಟೇಪಿನ ಮೇಲೆ ಇನ್ನೊಂದನ್ನು ಮುದ್ರಿಸಬಹುದಿತ್ತು. ಹಳತನ್ನು ಇಟ್ಟುಕೊಂಡು ಮಾಡುವುದಾದರೂ ಏನು? ಕಲಾವಿದರ ಸಂಘದ ಜೊತೆಗಿನ ಒಪ್ಪಂದದ ಪ್ರಕಾರ ಒಂದು ಕಂತನ್ನು ಗೊತ್ತಾದ ಅವಧಿಯೊಳಗೆ ಕೆಲವೇ ಸಲ ಮರುಪ್ರಸಾರ ಮಾಡಬಹುದಿತ್ತು. ಹಳೆಯದನ್ನೇ ತಿರುಗಿಸಿ ತಿರುಗಿಸಿ ಹಾಕಿದರೆ ನಮಗೆ ಹೊಸ ಕೆಲಸ ಎಲ್ಲಿಂದ ಬರಬೇಕು ಎನ್ನುವುದು ನಟರ ಭಯ. ಅದೇನೂ ಸುಳ್ಳು ಭಯವಲ್ಲ. ಕಪ್ಪು–ಬಿಳುಪಿನ ಕಾಲವೂ ಮುಗಿಯುತ್ತ ಬಂದಿತ್ತು. ಕಾಪಿಡುವುದು ತನ್ನ ಕೆಲಸ ಎಂದು ಯಾವ ವಿಭಾಗವೂ ಅಂದುಕೊಂಡಿರಲಿಲ್ಲ. ವಿದೇಶಕ್ಕೆ ಮಾರಲು ತೆಗೆದಿದ್ದ 16 ಎಂಎಂ ಫಿಲ್ಮ್ ಪ್ರತಿಗಳನ್ನೂ ಮಾರಾಟದ ಹಕ್ಕು ಮುಗಿದ ಮೇಲೆ ಹಾಳುಮಾಡಿದರು.

ಆದರೂ ಆ ಕಂತುಗಳ ಧ್ವನಿ ಮಾತ್ರ ಅಷ್ಟೂ ಉಳಿದಿದೆ. ಟಿವಿಯ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ಕೂತಿದ್ದ ಹುಡುಗರ ಪುಣ್ಯ. ವಿದೇಶಕ್ಕೆ ಹೋದ ಪ್ರತಿಗಳಲ್ಲಿ ಕೆಲವು ವಾಪಸ್ ಸಿಕ್ಕವು: ನೈಜೀರಿಯಾದ ಜೋಸ್ ನಗರದ ಟಿವಿ ಕೇಂದ್ರವೊಂದರಲ್ಲಿ ಧೂಳು ತಿನ್ನುತ್ತಿದ್ದ ಒಂಬತ್ತು ಕಂತು ಪತ್ತೆಯಾದ ಸುದ್ದಿ 2013ರಲ್ಲಿ ಹೊರಬಿತ್ತು. ನನಗೆ ಎಲ್ಲಕ್ಕಿಂತ ಸೋಜಿಗ ಆಸ್ಟ್ರೇಲಿಯಾದ್ದು. ಅಲ್ಲಿನ ಸೆನ್ಸಾರ್‌ನವರು ಮಕ್ಕಳು ಹೆದರಿಯಾರು ಎಂದು ಕಂತುಗಳಿಂದ ಭಯಾನಕ ತುಣುಕುಗಳನ್ನು ಕತ್ತರಿಸುತ್ತಿದ್ದರು. ಸರ್ಕಾರಿ ಕಚೇರಿಯಲ್ಲವೇ, ಕತ್ತರಿಸಿದ ಫಿಲ್ಮನ್ನೂ ಕಡತದ ಹಾಗೆ ಎತ್ತಿಟ್ಟರು. 1996ರಲ್ಲಿ ಅಭಿಮಾನಿಗಳು ಅಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಅವನ್ನು ಕಂಡುಹಿಡಿದರು. ‘ಫ್ಯೂರಿ ಫ್ರಂ ದ ಡೀಪ್’ ಎಂಬ 1968ರ ಕಥೆಯ ಆರೂ ಕಂತು ನಾಶವಾಗಿವೆ. ಆದರೆ ಅದರಲ್ಲಿ ಇಬ್ಬರು ಗಂಡಸರು ಒಬ್ಬ ಹೆಂಗಸಿನ ಕೋಣೆಗೆ ನುಗ್ಗಿ, ಬಾಯಿ ಅಗಲಿಸಿ ವಿಷದ ಉಸಿರು ಬಿಡುವ ದೃಶ್ಯವಿದೆಯಲ್ಲ, ಅದು ಉಳಿದಿದೆ. ಯಾರೂ ನೋಡಬಾರದೆಂದು ಕತ್ತರಿಸಿದ್ದನ್ನಷ್ಟೇ ಇವತ್ತು ಎಲ್ಲರೂ ನೋಡಬಹುದು. ಸೆನ್ಸಾರ್ ಕತ್ತರಿಸದೆ ಬಿಟ್ಟದ್ದನ್ನು ಲೆಕ್ಕಪತ್ರ ಅಳಿಸಿತು.

ಈಗಿನ ಒಟಿಟಿ ಕಾಲದಲ್ಲಿ ಇಂಥದ್ದು ನಡೆಯುವುದಿಲ್ಲ ಎಂದು ನಂಬಿದವರು ಡಿಸ್ನಿಯ ‘ವಿಲ್ಲೋ’ ಸರಣಿಯ ಗತಿ ನೋಡಬೇಕು. 2022ರ ನವೆಂಬರಿನಲ್ಲಿ ಅದ್ಧೂರಿಯಾಗಿ ಬಂತು, 2023ರ ಮೇ ತಿಂಗಳಲ್ಲಿ ಇಡೀ ಸರಣಿಯನ್ನೇ ತೆಗೆದುಹಾಕಿದರು. ಖಾತೆಯಲ್ಲಿ ನಷ್ಟ ಎಂದು ಬರೆದುಕೊಳ್ಳುವುದು ಪರದೆಯ ಮೇಲೆ ಇಟ್ಟುಕೊಳ್ಳುವುದಕ್ಕಿಂತ ಲಾಭದಾಯಕವಾಗಿತ್ತು. ಹಾಡಿನ ಹಕ್ಕಿನ ತಂಟೆಯೂ ಹೀಗೆಯೇ. ‘ದ ವಂಡರ್ ಇಯರ್ಸ್’ ಮುಗಿದದ್ದು 1993ರಲ್ಲಿ. ಅದರೊಳಗಿನ ಹಾಡುಗಳ ಹಕ್ಕು ಹೊಂದಿಸಿಕೊಂಡು ಪೂರ್ತಿ ಡಿವಿಡಿ ಹೊರಬರುವ ಹೊತ್ತಿಗೆ 2014.

ನಮ್ಮಲ್ಲಿಗೆ ಬರೋಣ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಮತ್ತೆ ಮತ್ತೆ ಪ್ರಸಾರವಾಗುತ್ತ ಬಂದದ್ದರಿಂದಲೇ ಮೂರು ತಲೆಮಾರಿಗೆ ಗೊತ್ತು. ಆ ಅದೃಷ್ಟ ಇಲ್ಲದ ಕಾರ್ಯಕ್ರಮಗಳನ್ನು ಕೇಳುವವರಾರು? ಭಾರತದಲ್ಲಿ ಪುಸ್ತಕ ಅಚ್ಚು ಹಾಕಿಸಿದವರು ಒಂದು ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಜೊತೆಗೆ ಇನ್ನೂ ಮೂರು ಗ್ರಂಥಾಲಯಗಳಿಗೆ ಕಳಿಸಬೇಕೆಂದು 1954ರ ಕಾಯ್ದೆ ಹೇಳುತ್ತದೆ. ಟಿವಿ ಚಾನೆಲ್ಲುಗಳಿಗೆ ಅಂಥ ಕಟ್ಟಳೆ ಇಲ್ಲ. ಪ್ರಸಾರ ಮಾಡಿದ್ದರ ದಾಖಲೆಯನ್ನು 90 ದಿನ ಇಟ್ಟುಕೊಳ್ಳಿ ಎನ್ನುತ್ತದೆ ಕೇಂದ್ರದ ಮಾರ್ಗಸೂಚಿ. ಅದೂ ಸರ್ಕಾರ ಕೇಳಿದರೆ ಹಾಜರುಪಡಿಸಲಿಕ್ಕೆ. ನೂರು ಪ್ರತಿ ಮಾರಾಟವಾಗದ ಕವನಸಂಕಲನಕ್ಕೂ ನಾಲ್ಕು ಕಡೆ ಜಾಗ ಉಂಟು. ಲಕ್ಷಾಂತರ ಮನೆಗಳಲ್ಲಿ ರಾತ್ರಿಯೂಟದ ಹೊತ್ತಿಗೆ ಓಡುವ ಕನ್ನಡ ಧಾರಾವಾಹಿಯ ಬಾಳು ಮೂರು ತಿಂಗಳಾದ ಮೇಲೆ ಮಾಲೀಕನ ಮರ್ಜಿ. ಆ ಧಾರಾವಾಹಿಗಳಲ್ಲಿ ಉಳಿಸುವಂಥದ್ದು ಏನಿದೆ ಎಂದು ಮೂಗು ಮುರಿಯುವವರಿದ್ದಾರೆ. ಬಿಬಿಸಿಯವರೂ ಹಾಗೆಯೇ ಅಂದುಕೊಂಡಿದ್ದರು. ನಾಳೆ ಯಾರಾದರೂ 2020ರ ದಶಕದ ಕನ್ನಡದ ಅತ್ತೆ–ಸೊಸೆಯರು ಹೇಗೆ ಮಾತಾಡುತ್ತಿದ್ದರು, ಯಾವ ಸೀರೆ ಉಡುತ್ತಿದ್ದರು, ಬಡವರ ಮನೆಯೆಂದು ಯಾವ ಸೆಟ್ಟು ಹಾಕುತ್ತಿದ್ದರು ಎಂದು ತಿಳಿಯಬಯಸಿದರೆ ನೋಡಬೇಕಾದದ್ದು ಈ ಧಾರಾವಾಹಿಗಳನ್ನೇ.

ಎರಡು ಸಾವಿರ ಕಂತಿನ ಧಾರಾವಾಹಿಯನ್ನು ಇಡಿಯಾಗಿ ಇಡಿ ಎಂದು ಯಾರೂ ಕೇಳುತ್ತಿಲ್ಲ. ತಿಂಗಳಿಗೊಂದು ಕಂತು ಸಾಕು. ಟೇಪು ದುಬಾರಿ ಎಂಬ ನೆಪ ಈಗ ನಡೆಯದು. 1954ರ ಕಾಯ್ದೆಯಲ್ಲಿ ಮೊದಲು ಪತ್ರಿಕೆಗಳೂ ಇರಲಿಲ್ಲ, 1956ರಲ್ಲಿ ಒಂದು ತಿದ್ದುಪಡಿ ತಂದು ಸೇರಿಸಿದರು. ಇನ್ನೊಂದು ತಿದ್ದುಪಡಿಗೆ ನಮ್ಮ ಸಂಸದರಲ್ಲಿ ಯಾರಾದರೂ ಒಬ್ಬರು ಖಾಸಗಿ ಮಸೂದೆ ಮಂಡಿಸಬಹುದು.