ಲಟ್ಟಣಿಗೆ ಉರುಳಿಸಿ ನೋಡಿ, ಆಮೇಲೆ ತಗೊಳ್ಳಿ

ಹುಣಸೂರು, ಪಿರಿಯಾಪಟ್ಟಣ ಕಡೆ ಎಷ್ಟೋ ಮನೆಗಳಲ್ಲಿರೋ ಲಟ್ಟಣಿಗೆಗೆ ಹೊಟ್ಟೆ ದಪ್ಪ, ತುದಿ ಸಣ್ಣ. ಚಪಾತಿಗೆ ಅದೇ ಸರಿ, ಒತ್ತಿದ ಹಾಗೆ ಹಿಟ್ಟು ತಿರುಗಿ ದುಂಡಗಾಗುತ್ತೆ. ಬಿಸ್ಕತ್ತಿಗೆ ಮಾತ್ರ ಅದು ಬೇಡ. ಹಿಟ್ಟು ಒಂದು ಕಡೆ ತೆಳು, ಇನ್ನೊಂದು ಕಡೆ ದಪ್ಪ ಆದ್ರೆ ಓವನ್‌ನಲ್ಲಿ ಅರ್ಧ ಸೀಯುತ್ತೆ, ಅರ್ಧ ಹಸಿ ಉಳಿಯುತ್ತೆ. "ನಂಗೆ ಬೇಕಿಂಗ್ ಬರಲ್ಲ" ಅಂತ ಎಷ್ಟೋ ಜನ ಕೈಬಿಡೋದು ಇಲ್ಲೇ.

ಬೇಕಾಗಿರೋದು ಉದ್ದಕ್ಕೂ ಒಂದೇ ದಪ್ಪದ ಸಿಲಿಂಡರ್. ಅದಕ್ಕೆ ಬೇರಿಂಗ್ ಹಿಡಿ, ಸಿಲಿಕಾನ್ ಹೊದಿಕೆ ಅಂತ ಆನ್‌ಲೈನ್‌ನಲ್ಲಿ ದುಡ್ಡು ಸುರಿಯಬೇಡಿ. ಊರಲ್ಲಿ ಲೇತ್ ಇಟ್ಟಿರೋ ಬಡಗಿಗೆ ಅಳತೆ ಕೊಡಿ: ಉದ್ದ 40 ಸೆಂ.ಮೀ., ದಪ್ಪ 4 ಸೆಂ.ಮೀ., ವಾರ್ನಿಷ್ ಬೇಡ. ಸಮತಟ್ಟಾದ ಮೇಜಿನ ಮೇಲೆ ಉರುಳಿಸಿ. ಅಡಿಯಲ್ಲಿ ಬೆಳಕು ಕಂಡ್ರೆ ತಗೋಬೇಡಿ. ತಂದ ಮೇಲೆ ನೀರಲ್ಲಿ ನೆನೆಹಾಕಬೇಡಿ, ಮರ ಊದಿ ಸೊಟ್ಟ ಆಗುತ್ತೆ. ವರ್ನಿಯರ್ ಹಿಡಿಯೋಕೆ ಕಲಿತ ನಮಗೆ ಇಷ್ಟು ಕಷ್ಟವಾ?