ಆನೆ ತೇಲುತ್ತದೆ, ಮೊಳೆ ಮುಳುಗುತ್ತದೆ

ನಾಲ್ಕು ಸಾವಿರ ಕಿಲೋ ತೂಗುವ ಆನೆ ನೀರಿಗಿಳಿದರೆ ಮುಳುಗುವುದಿಲ್ಲ. ಹತ್ತು ಗ್ರಾಂ ತೂಗದ ಕಬ್ಬಿಣದ ಮೊಳೆ ಬಕೆಟ್ಟಿನ ತಳ ಸೇರುತ್ತದೆ. ‘ಭಾರವಾದದ್ದು ಮುಳುಗುತ್ತದೆ, ಹಗುರವಾದದ್ದು ತೇಲುತ್ತದೆ’ ಎಂದು ಉತ್ತರ ಬರೆಯುವ ವಿದ್ಯಾರ್ಥಿಗಳು ಇವೆರಡನ್ನೂ ಒಟ್ಟಿಗೆ ನೆನೆಯಬೇಕು.

ನಾಗರಹೊಳೆ, ಬಂಡೀಪುರ ಕಾಡುಗಳ ನಡುವಿನ ಕಬಿನಿ ಹಿನ್ನೀರಿಗೆ ಬೇಸಿಗೆಯಲ್ಲಿ ಆನೆಗಳು ಹಿಂಡುಹಿಂಡಾಗಿ ಬರುತ್ತವೆ. ಈಜಿಕೊಂಡು ಆಚೆ ದಡ ಸೇರುವುದೂ ಉಂಟು. ಅಂಡಮಾನಿಗೆ ಮರ ಎಳೆಯಲು ಒಯ್ದಿದ್ದ ಆನೆಗಳು ಸಮುದ್ರದಲ್ಲೇ ದ್ವೀಪದಿಂದ ದ್ವೀಪಕ್ಕೆ ಈಜುತ್ತಿದ್ದವು. ಅವುಗಳ ಪೈಕಿ ಹೆಸರಾಗಿದ್ದ ‘ರಾಜನ್’ ತೀರಿಕೊಂಡದ್ದು 2016ರಲ್ಲಿ. 2017ರ ಜುಲೈಯಲ್ಲಿ ಶ್ರೀಲಂಕಾದ ನೌಕಾಪಡೆ, ಕರಾವಳಿಯಿಂದ ಸುಮಾರು 8 ಕಿ.ಮೀ. ದೂರ ಕೊಚ್ಚಿಹೋಗಿದ್ದ ಕಾಡಾನೆಯೊಂದನ್ನು ಹಗ್ಗ ಕಟ್ಟಿ ಜೀವಂತ ದಡಕ್ಕೆ ತಂದಿತು. ಅಷ್ಟು ಹೊತ್ತೂ ಅದು ಸೊಂಡಿಲೆತ್ತಿಕೊಂಡು ತೇಲುತ್ತಲೇ ಇತ್ತು.

ಉತ್ತರ ಆರ್ಕಿಮಿಡೀಸನ ತತ್ತ್ವದಲ್ಲಿದೆ. ನೀರಿನಲ್ಲಿ ಮುಳುಗಿದ ವಸ್ತು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೋ ಅಷ್ಟು ನೀರಿನ ತೂಕದ ಬಲ ಅದನ್ನು ಮೇಲಕ್ಕೆ ತಳ್ಳುತ್ತದೆ. 78 ಗ್ರಾಂ ಕಬ್ಬಿಣ ಸರಿಸುವುದು 10 ಗ್ರಾಂ ನೀರನ್ನು ಮಾತ್ರ. ಮುಳುಗದೆ ಏನು ಮಾಡೀತು? ಆನೆಯ ಗಾತ್ರ ದೊಡ್ಡದು, ಒಳಗೆ ಗಾಳಿ ತುಂಬಿದ ಶ್ವಾಸಕೋಶ, ಅನಿಲ ತುಂಬಿದ ಹೊಟ್ಟೆ. 4000 ಕಿಲೋ ಆನೆ ಪೂರ್ತಿ ಮುಳುಗಿದರೆ 4000 ಲೀಟರಿಗಿಂತ ತುಸು ಹೆಚ್ಚು ನೀರನ್ನೇ ಸರಿಸಬೇಕಾಗುತ್ತದೆ. ಆ ‘ತುಸು’ವೇ ಅದನ್ನು ತೇಲಿಸುತ್ತದೆ. ನಾಲ್ಕು ಕಾಲುಗಳ ಕೆಲಸ ಮುಂದಕ್ಕೆ ಹುಟ್ಟು ಹಾಕುವುದು.

ಮನೆಯಲ್ಲೇ ನೋಡಬೇಕೆಂದರೆ ಒಂದು ಕಿತ್ತಳೆ ಹಣ್ಣನ್ನು ಬಕೆಟ್ಟಿಗೆ ಹಾಕಿ, ತೇಲುತ್ತದೆ. ಸಿಪ್ಪೆ ಸುಲಿದು ಹಾಕಿ, ತೂಕ ಕಡಿಮೆಯಾಗಿದ್ದರೂ ಸಾಮಾನ್ಯವಾಗಿ ಮುಳುಗುತ್ತದೆ. ಸಿಪ್ಪೆಯಲ್ಲಿದ್ದ ಗಾಳಿ ಹೋಯಿತಲ್ಲ!

ಈಜುವ ಆನೆ ಸೊಂಡಿಲಿನ ತುದಿಯನ್ನಷ್ಟೇ ಹೊರಗಿಟ್ಟು ಉಸಿರಾಡಬಲ್ಲದು. ಇದನ್ನು ನೋಡಿಯೋ ಕೇಳಿಯೋ, ಪರಂಗಿ ಎಲೆಯ ತೊಟ್ಟನ್ನೋ ಪ್ಲಾಸ್ಟಿಕ್ ಕೊಳವೆಯನ್ನೋ ಬಾಯಲ್ಲಿಟ್ಟುಕೊಂಡು ನೀರಿನಡಿ ಕೂರಲು ಹೊರಡುವ ಮಕ್ಕಳಿದ್ದಾರೆ. ಇದು ಅಪಾಯಕಾರಿ. ಒಂದು ಮೀಟರ್ ಆಳದಲ್ಲಿ ಪ್ರತಿ ಚದರ ಸೆಂ.ಮೀ. ಮೇಲೆ ನೀರು 100 ಗ್ರಾಂ ಭಾರ ಹೇರುತ್ತದೆ. 30 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಎದೆಯ ಮೇಲೆ ಅದು 90 ಕಿಲೋ! ಅದನ್ನು ತಳ್ಳಿ ಉಸಿರೆಳೆಯಲು ನಮ್ಮ ಸ್ನಾಯುಗಳಿಗೆ ಆಗದು. ಆನೆಯ ರಚನೆಯೇ ಬೇರೆ. ಬೇರೆ ಸಸ್ತನಿಗಳಲ್ಲಿ ಶ್ವಾಸಕೋಶಕ್ಕೂ ಎದೆಗೂಡಿಗೂ ನಡುವೆ ತೆಳು ದ್ರವ ತುಂಬಿದ ಸಂದಿ ಇರುತ್ತದೆ; ಆನೆಯಲ್ಲಿ ಆ ಜಾಗವನ್ನು ಗಟ್ಟಿ ಅಂಗಾಂಶ ತುಂಬಿದೆ. ಈ ಒತ್ತಡದಲ್ಲಿ ಅಲ್ಲಿನ ಸೂಕ್ಷ್ಮ ರಕ್ತನಾಳಗಳು ಒಡೆಯದಂತೆ ಇದು ಕಾಯುತ್ತದೆಂದು ಶರೀರಕ್ರಿಯಾ ವಿಜ್ಞಾನಿ ಜಾನ್ ವೆಸ್ಟ್ ವಿವರಿಸಿದ್ದಾರೆ.

ಮನುಷ್ಯನ ಲೆಕ್ಕವೂ ಆನೆಯದರಂತೆಯೇ, ಅಂಚಿನಲ್ಲಿರುವಂಥದ್ದು. ಶ್ವಾಸಕೋಶ ತುಂಬಿದ್ದರೆ ದೇಹದ ಒಂದಿಷ್ಟು ಭಾಗ ಮಾತ್ರ ನೀರಿನ ಮೇಲಿರುತ್ತದೆ. ಬಾವಿಗೋ ಕೆರೆಗೋ ಬಿದ್ದ ಹುಡುಗ ಗಾಬರಿಯಿಂದ ಕೂಗಿದರೆ ಗಾಳಿ ಖಾಲಿ. ಕೈ ಮೇಲೆತ್ತಿದರೆ, ನೀರು ಹೊರುತ್ತಿದ್ದ ಕೈಗಳ ಭಾರವೂ ದೇಹದ ಮೇಲೇ ಬಿದ್ದು ಮೂಗು ಮುಳುಗುತ್ತದೆ. ಮೂಗನ್ನು ಮೇಲಿಡಲು ನಮಗೆ ಸೊಂಡಿಲಿಲ್ಲ. ಅದಕ್ಕೇ ಈಜು ಕಲಿಸುವವರು ಅಂಗಾತ ತೇಲುವುದನ್ನೂ ಹೇಳಿಕೊಡುತ್ತಾರೆ: ಕಿವಿ ನೀರಿನೊಳಗೆ, ಕೈಗಳು ನೀರಿನೊಳಗೆ, ಮೂಗು ಬಾಯಿ ಆಕಾಶದ ಕಡೆಗೆ.