ಪೋರ್ಟ್ ಮಾಡಿದ್ದೋ, ಕಾಪಿ ಹೊಡೆದದ್ದೋ?

ಬೆಂಗಳೂರಿನ ಎಂಬೆಡೆಡ್ ಇಂಜಿನಿಯರುಗಳ ರೆಸ್ಯೂಮೆಯಲ್ಲಿ ಒಂದು ಸಾಲು ಆಗಾಗ ಕಣ್ಣಿಗೆ ಬೀಳುತ್ತದೆ: "ಹೊಸ ಬೋರ್ಡಿಗೆ ಯು-ಬೂಟ್ ಪೋರ್ಟ್ ಮಾಡಿದ್ದೇನೆ." ಆ ಪೋರ್ಟ್ ಈಗ ಎಲ್ಲಿದೆ ಅಂತ ಕೇಳಿ ನೋಡಿ. ಒಂದು ಜಿಪ್ ಫೈಲಿನಲ್ಲಿದೆ. ಜಿಪ್ ಎಲ್ಲಿದೆ? ಕ್ಲೈಂಟ್ ಹತ್ರ. ಕ್ಲೈಂಟ್ ಅದನ್ನ ಎಲ್ಲಿಟ್ಟಿದ್ದಾರೆ? "ಗೊತ್ತಿಲ್ಲ ಸಾರ್, ನಾನು ಆ ಕಂಪನಿ ಬಿಟ್ಟು ಮೂರು ವರ್ಷ ಆಯ್ತು..."

ನನ್ನ ತಕರಾರು ಇದರ ಬಗ್ಗೆಯೇ. ಬೋರ್ಡಿನ ಮೇಲೆ ಲಿನಕ್ಸ್ ಎದ್ದು ಕೂತ ಕೂಡಲೇ ಪೋರ್ಟಿಂಗ್ ಮುಗಿಯುವುದಿಲ್ಲ. ಆ ಕೋಡ್ ಯು-ಬೂಟ್‌ನ ಮೂಲ ಭಂಡಾರಕ್ಕೆ ಸೇರಿ, ನಾವು ಇಲ್ಲದಾಗಲೂ ಇನ್ನೊಬ್ಬರು ಅದನ್ನು ಬಿಲ್ಡ್ ಮಾಡುವಂತಾದಾಗ ಮುಗಿಯುತ್ತದೆ. ಅಲ್ಲಿಯವರೆಗೆ ಅದು ಬರೀ ಕಾಪಿ. ಜಗಳಕ್ಕೆ ಬರುವವರು ಬನ್ನಿ, ಕಾಮೆಂಟ್ ಪೆಟ್ಟಿಗೆ ತೆರೆದೇ ಇದೆ :-)

ಕವಿತೆ, ಪ್ರವಾಸ, ಅಡುಗೆ ಬರೆಯುವ ಗೆಳೆಯರಿಗೆ ಮೊದಲು ಎರಡು ಮಾತು. ಮನೆಯ ವೈಫೈ ಪೆಟ್ಟಿಗೆ, ಟೀವಿಯ ಸೆಟ್‌ಟಾಪ್ ಬಾಕ್ಸ್, ಇಂಥವುಗಳ ಹೊಟ್ಟೆಯಲ್ಲಿ ಒಂದು ಪುಟ್ಟ ಗಣಕ ಇರುತ್ತದೆ. ಕರೆಂಟ್ ಬಂದ ಕ್ಷಣದಲ್ಲಿ ಅದಕ್ಕೆ ತನ್ನ ಮೆಮೊರಿಯನ್ನು ಬಳಸಲೂ ಬರುವುದಿಲ್ಲ. ಕಾರ್ಖಾನೆಯಲ್ಲೇ ಚಿಪ್ಪಿನೊಳಗೆ ಬರೆದಿಟ್ಟ ಚಿಕ್ಕ ಪ್ರೋಗ್ರಾಮೊಂದು ಎದ್ದು, ಎಸ್‌ಡಿ ಕಾರ್ಡಿನಿಂದಲೋ ಫ್ಲ್ಯಾಶ್‌ನಿಂದಲೋ ಬೂಟ್‌ಲೋಡರಿನ ಮೊದಲ ತುಣುಕನ್ನು ಚಿಪ್ಪಿನ ಒಳಗಿನ ಮೆಮೊರಿಗೆ ಎಳೆದುಕೊಳ್ಳುತ್ತದೆ. ಇದಕ್ಕೆ ಎಸ್‌ಪಿಎಲ್ ಅಂತ ಹೆಸರು. 2013ರಲ್ಲಿ ಬಂದ ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡಿನಲ್ಲಿ 512 ಎಂಬಿ ಡಿಡಿಆರ್ ಮೆಮೊರಿ ಇದೆ, ಆದರೆ ಈ ಮೊದಲ ತುಣುಕು 109 ಕೆಬಿ ಮೀರುವಂತಿಲ್ಲ. ಅಷ್ಟರೊಳಗೇ ಅದು ಡಿಡಿಆರ್ ಅನ್ನು ಎಬ್ಬಿಸಬೇಕು, ಪೂರ್ತಿ ಯು-ಬೂಟನ್ನು ಅಲ್ಲಿಗೆ ತಂದು ಕೂರಿಸಬೇಕು. ಆ ಯು-ಬೂಟ್ ಲಿನಕ್ಸ್ ಕರ್ನಲ್ಲನ್ನೂ, ಬೋರ್ಡಿನಲ್ಲಿ ಏನೇನಿದೆ ಅಂತ ವಿವರಿಸುವ ಡಿವೈಸ್ ಟ್ರೀಯನ್ನೂ ತಂದು, ಕೀಲಿಕೈ ಕೊಟ್ಟು ಹೊರಟುಹೋಗುತ್ತದೆ. ಎಲ್ಲ ಒಂದೆರಡು ಸೆಕೆಂಡಿನ ಕೆಲಸ. ಆದರೆ ಇದು ಕೈಕೊಟ್ಟರೆ ನಿಮ್ಮ ಪೆಟ್ಟಿಗೆ ಇಟ್ಟಿಗೆಗೆ ಸಮ.

ಈಗ "ಪೋರ್ಟ್" ಹೇಗೆ ನಡೆಯುತ್ತದೆ ನೋಡಿ. ಚಿಪ್ ಕಂಪನಿ ತನ್ನ ಮಾದರಿ ಬೋರ್ಡಿನ ಜೊತೆ ಯು-ಬೂಟ್‌ನ ತನ್ನದೇ ಒಂದು ಕವಲನ್ನು ಕೊಡುತ್ತದೆ. ಅದು ಎಷ್ಟೋ ಸಲ ವರ್ಷಗಟ್ಟಲೆ ಹಳೆಯದು. ನಮ್ಮವರು ಮಾದರಿ ಬೋರ್ಡಿನ ಫೋಲ್ಡರನ್ನು ಕಾಪಿ ಮಾಡಿ, ಹೆಸರು ಬದಲಿಸಿ, ಸೀರಿಯಲ್ ಕನ್ಸೋಲಿನಲ್ಲಿ ಅಕ್ಷರ ಕಾಣುವವರೆಗೆ ಅಲ್ಲೊಂದು ಇಲ್ಲೊಂದು ಸಾಲು ಕಾಮೆಂಟ್ ಮಾಡುತ್ತಾ ಹೋಗುತ್ತಾರೆ.

ಒಂದು ಉದಾಹರಣೆ. ಬೀಗಲ್‌ಬೋನಿನ ಚಿಪ್ಪಿಗೆ ಇರುವ ಯು-ಬೂಟ್ ಕೋಡ್, ಬೋರ್ಡಿನ ಮೇಲಿನ ಒಂದು ಸಣ್ಣ ಇಇಪ್ರಾಮ್ ಓದಿ "ನಾನು ಯಾವ ಬೋರ್ಡು" ಅಂತ ತಿಳಿದುಕೊಳ್ಳುತ್ತದೆ. ಬ್ಲ್ಯಾಕ್ ಆದರೆ ಅಲ್ಲಿ "ಎ335ಬಿಎನ್‌ಎಲ್‌ಟಿ" ಅಂತ ಇರುತ್ತದೆ. ಯಾವ ಮೆಮೊರಿಗೆ ಯಾವ ಲೆಕ್ಕ ಅನ್ನೋದು ಅದರ ಮೇಲೆ ನಿಂತಿದೆ. ಹೊಸ ಬೋರ್ಡ್ ಮಾಡಿದವರು ಸರಿಯಾಗಿ ಮಾಡುವುದಾದರೆ ತಮ್ಮ ಬೋರ್ಡಿಗೊಂದು ಹೆಸರು ಕೊಟ್ಟು, ಅದರ ಲೆಕ್ಕವನ್ನು ಕೋಡಿಗೆ ಸೇರಿಸಬೇಕು. ಆದರೆ ಸುಲಭದ ದಾರಿ ಇದೆಯಲ್ಲ! ತಮ್ಮ ಇಇಪ್ರಾಮ್‌ನಲ್ಲೂ ಬೀಗಲ್‌ಬೋನಿನ ಹೆಸರನ್ನೇ ಬರೆದುಬಿಡುವುದು. ಬಾಡಿಗೆ ಮನೆಗೆ ಹೋದವನು ಬಾಗಿಲಿಗೆ ಹಳೇ ಬಾಡಿಗೆದಾರನ ಹೆಸರಿನ ಬೋರ್ಡೇ ಇರಲಿ ಅಂದ ಹಾಗೆ. ಅಂಚೆಯವನು ಮೊದಲ ದಿನ ಬರುತ್ತಾನೆ, ಸರಿ. ಆಮೇಲೆ?

ಆಮೇಲಿನ ಕಥೆ ಡಿಡಿಆರ್‌ನಲ್ಲಿದೆ. ಮೆಮೊರಿಯ ಟೈಮಿಂಗ್ ಲೆಕ್ಕಗಳು ಮೆಮೊರಿ ಚಿಪ್ ಯಾವುದು, ಬೋರ್ಡಿನಲ್ಲಿ ಅದರ ತಂತಿಗಳು ಎಷ್ಟು ಉದ್ದ ಅನ್ನೋದರ ಮೇಲೆ ಬದಲಾಗುತ್ತವೆ. ಕಾಪಿ ಹೊಡೆದ ಲೆಕ್ಕ ಎಸಿ ಹಾಕಿದ ಲ್ಯಾಬಿನಲ್ಲಿ, ಮೇಜಿನ ಮೇಲಿನ ನಾಲ್ಕು ಬೋರ್ಡುಗಳಲ್ಲಿ ಚೆನ್ನಾಗಿಯೇ ಓಡಬಹುದು. ಅದೇ ಪೆಟ್ಟಿಗೆ ಏಪ್ರಿಲ್ ತಿಂಗಳಲ್ಲಿ ರಾಯಚೂರಿನ ಒಂದು ತಗಡಿನ ಶೆಡ್ಡಿಗೆ ಹೋಗಲಿ, ಅಥವಾ ಸ್ಟಾಕ್ ಇಲ್ಲ ಅಂತ ಖರೀದಿ ವಿಭಾಗದವರು ಬೇರೆ ಕಂಪನಿಯ ಮೆಮೊರಿ ಚಿಪ್ ಹಾಕಲಿ. ಸುಮ್ಮಸುಮ್ಮನೆ ಹ್ಯಾಂಗ್. ಆಗ ಬೈಗುಳ ತಿನ್ನುವವರು ಅಪ್ಲಿಕೇಶನ್ ಬರೆದ ಹುಡುಗರು. ಬೂಟ್‌ಲೋಡರ್ ಕಡೆ ಯಾರೂ ತಿರುಗಿ ನೋಡುವುದಿಲ್ಲ, ಯಾಕೆಂದರೆ "ಅದು ಪೋರ್ಟ್ ಆಗಿದೆ".

ಇನ್ನು ಭದ್ರತೆ. 2019ರಲ್ಲಿ ಸೆಮ್ಮಲ್ ಕಂಪನಿಯ ಸಂಶೋಧಕರು ಯು-ಬೂಟ್‌ನ ನೆಟ್‌ವರ್ಕ್ ಬೂಟ್ ಕೋಡಿನಲ್ಲಿ 13 ತೂತುಗಳನ್ನು ಹುಡುಕಿದರು. ಮೂಲ ಭಂಡಾರದಲ್ಲಿ ಅವು ದುರಸ್ತಿಯಾದವು. ಭಂಡಾರದಲ್ಲಿದ್ದ ಬೋರ್ಡುಗಳಿಗೆ ಹೊಸ ಆವೃತ್ತಿ ಬಿಲ್ಡ್ ಮಾಡಿದರೆ ಸಾಕಿತ್ತು. ಅದಕ್ಕೂ ಹಳೇ ಕವಲಿನ ಮೇಲೆ ಕೂತಿದ್ದ ಜಿಪ್ ಪೋರ್ಟುಗಳ ಗತಿ? ಆ ದುರಸ್ತಿಯನ್ನು ಒಬ್ಬರು ಕೂತು ಕೈಯಾರೆ ತಂದು ಸೇರಿಸಬೇಕು. ಆ ಒಬ್ಬರು ಯಾರು? ಮೂರು ವರ್ಷದ ಹಿಂದೆ ಕಂಪನಿ ಬಿಟ್ಟವರು!

"ನಮಗ್ಯಾಕೆ ಸ್ವಾಮಿ, ಡೆಲಿವರಿ ಆಯ್ತು, ದುಡ್ಡು ಬಂತು" ಅನ್ನುವವರು ಯುರೋಪಿನ ಕಡೆ ಒಮ್ಮೆ ನೋಡಿ. ಅಲ್ಲಿನ ಸೈಬರ್ ರೆಸಿಲಿಯನ್ಸ್ ಕಾಯ್ದೆ 2024ರ ಡಿಸೆಂಬರಿನಲ್ಲಿ ಜಾರಿಗೆ ಬಂತು. ಅದರ ಮುಖ್ಯ ಕಟ್ಟಳೆಗಳು ಅನ್ವಯವಾಗುವ ದಿನ 2027ರ ಡಿಸೆಂಬರ್ 11. ಅಲ್ಲಿ ಮಾರುವ ಡಿಜಿಟಲ್ ಸಾಧನಕ್ಕೆ ಸಾಮಾನ್ಯವಾಗಿ ಕನಿಷ್ಠ 5 ವರ್ಷ ಭದ್ರತಾ ದೋಷಗಳನ್ನು ಸರಿಪಡಿಸುತ್ತಲೇ ಇರಬೇಕು. ಜಿಪ್ ಫೈಲಿಗೆ ಐದು ವರ್ಷ ಆಯುಸ್ಸು ಎಲ್ಲಿಂದ ತರುತ್ತೀರಿ?

ಇನ್ನು ನಮ್ಮವರ ಮಾಮೂಲಿ ಸಬೂಬುಗಳು.

"ಕ್ಲೈಂಟ್ ಒಪ್ಪಲ್ಲ, ಎಲ್ಲಾ ಗುಟ್ಟು." ಬೋರ್ಡ್ ಫೈಲಿನಲ್ಲಿ ಇರುವುದು ಯಾವ ಪಿನ್ ಯಾವ ಕೆಲಸಕ್ಕೆ, ಮೆಮೊರಿ ಎಷ್ಟು, ಫ್ಲ್ಯಾಶ್ ಎಲ್ಲಿದೆ ಅನ್ನುವಷ್ಟೇ. ನಿಮ್ಮ ವ್ಯಾಪಾರದ ಗುಟ್ಟು ಅಪ್ಲಿಕೇಶನ್ನಿನಲ್ಲಿದೆ, ಅದನ್ನು ಯಾರೂ ಕೇಳುತ್ತಿಲ್ಲ. ಅಲ್ಲದೆ ಯು-ಬೂಟ್ ಇರುವುದು ಜಿಪಿಎಲ್ ಎರಡನೇ ಆವೃತ್ತಿಯ ಅಡಿಯಲ್ಲಿ. ಭಂಡಾರಕ್ಕೆ ಕಳಿಸಲೇಬೇಕು ಅಂತ ಲೈಸೆನ್ಸ್ ಹೇಳುವುದಿಲ್ಲ, ನಿಜ. ಆದರೆ ಪೆಟ್ಟಿಗೆ ಮಾರಿದಾಗ ಅದರ ಜೊತೆಗೇ ಸೋರ್ಸ್ ಕೊಡಬೇಕು, ಇಲ್ಲವೇ ಕೇಳಿದವರಿಗೆ ಕೊಡುತ್ತೇವೆ ಅಂತ ಕನಿಷ್ಠ 3 ವರ್ಷ ನಡೆಯುವ ಲಿಖಿತ ಮಾತು ಕೊಡಬೇಕು. ಬಿಲ್ಡ್ ಮಾಡುವ, ಇನ್‌ಸ್ಟಾಲ್ ಮಾಡುವ ಸ್ಕ್ರಿಪ್ಟುಗಳೂ ಅದರಲ್ಲಿ ಸೇರಿವೆ. ಹೇಗಿದ್ದರೂ ಕೊಡಲೇಬೇಕಾದ್ದನ್ನು ಗುಟ್ಟು ಅಂದರೆ ಹೇಗೆ?

"ಟೈಮ್ ಇಲ್ಲ." ಒಂದೇ ಚಿಪ್ಪಿನ ಮೂರು ಬೋರ್ಡಿಗೆ ಮೂರು ಸಲ ಕಾಪಿ ಹೊಡೆದು ಮೂರರಲ್ಲೂ ಅದೇ ದೋಷ ಹುಡುಕಲು ಟೈಮ್ ಇರುತ್ತದೆ!

"ಅಲ್ಲಿಯವರು ಪ್ಯಾಚ್ ಕಳಿಸಿದರೆ ತಪ್ಪು ಹುಡುಕುತ್ತಾರೆ." ಹುಡುಕಲಿ ಬಿಡಿ. ಪುಕ್ಕಟೆಯಾಗಿ ನಿಮ್ಮ ಕೋಡ್ ಓದಿ ತಿದ್ದುವವರು ಬೇರೆ ಎಲ್ಲಿ ಸಿಗುತ್ತಾರೆ?

"ಸೇರಿಸಿದರೂ ಆಮೇಲೆ ಕಿತ್ತು ಹಾಕುತ್ತಾರೆ." ಇದರಲ್ಲಿ ಮಾತ್ರ ಹುರುಳಿದೆ. ಯು-ಬೂಟ್ ಹೊಸ ಡ್ರೈವರ್ ಮಾಡೆಲ್‌ಗೆ ಹೊರಳಿದಾಗ, ಯಾರೂ ನೋಡಿಕೊಳ್ಳದ ಎಷ್ಟೋ ಬೋರ್ಡುಗಳನ್ನು ತೆಗೆದುಹಾಕಿದರು. ಅಂದರೆ ಸೇರಿಸಿ ಮರೆತರೆ ಸಾಲದು, ವರ್ಷಕ್ಕೊಮ್ಮೆಯಾದರೂ ಬಿಲ್ಡ್ ಮಾಡಿ ಓಡಿಸಿ ನೋಡಬೇಕು. ಆದರೆ ತೆಗೆದ ಕೋಡ್ ಕೂಡ ಗಿಟ್ ಇತಿಹಾಸದಲ್ಲಿ ಇದ್ದೇ ಇರುತ್ತದೆ. ಬೇಕಾದವರು ಎತ್ತಿಕೊಳ್ಳಬಹುದು. ಕಳೆದುಹೋದ ಜಿಪ್ಪನ್ನು ಎಲ್ಲಿಂದ ಎತ್ತುತ್ತೀರಿ?

ಸರಿಯಾಗಿ ಮಾಡಿದರೆ ಏನಾಗುತ್ತದೆ ಅನ್ನೋದಕ್ಕೂ ಸಾಕ್ಷಿ ಇದೆ. ಆಲ್‌ವಿನ್ನರ್ ಅನ್ನೋ ಚೀನಾದ ಕಂಪನಿಯ ಅಗ್ಗದ ಚಿಪ್ಪುಗಳಿಗೆ ಲಿನಕ್ಸ್-ಸುನ್ಷಿ ಅನ್ನೋ ಹವ್ಯಾಸಿಗಳ ಬಳಗ ಹಠ ಹಿಡಿದು ಕೆಲಸ ಮಾಡಿತು, ಮೆಮೊರಿ ಎಬ್ಬಿಸುವ ಕೋಡ್ ಸಮೇತ. 2014ರಲ್ಲಿ ಅದು ಯು-ಬೂಟ್ ಭಂಡಾರಕ್ಕೆ ಸೇರತೊಡಗಿತು. 2013ರ ಕ್ಯೂಬಿಬೋರ್ಡ್2 ಹತ್ತು ವರ್ಷ ದಾಟಿದ ಮೇಲೂ ಹೊಸ ಯು-ಬೂಟ್, ಹೊಸ ಕರ್ನಲ್ ಎರಡನ್ನೂ ಓಡಿಸಬಲ್ಲದು. ಅದಕ್ಕಿಂತ ಎಷ್ಟೋ ದುಬಾರಿ ಬೋರ್ಡುಗಳು ಮೂರೇ ವರ್ಷದಲ್ಲಿ ಗುಜರಿ ಸೇರಿದ್ದನ್ನು ನಾನೇ ನೋಡಿದ್ದೇನೆ.

ಯು-ಬೂಟ್ ಹುಟ್ಟಿದ್ದೂ ಹೀಗೇ. ಒಬ್ಬರು ಬಿಟ್ಟ ಕೋಡನ್ನು ಇನ್ನೊಬ್ಬರು ಎತ್ತಿಕೊಂಡದ್ದು. 8ಎಕ್ಸ್‌ಎಕ್ಸ್‌ರಾಮ್ ಅನ್ನೋ ಚಿಕ್ಕ ಕೋಡನ್ನು ಜರ್ಮನಿಯ ವುಲ್ಫ್‌ಗ್ಯಾಂಗ್ ಡೆಂಕ್ ಎತ್ತಿಕೊಂಡು ಪಿಪಿಸಿಬೂಟ್ ಮಾಡಿದರು. 2002ರಲ್ಲಿ ಅದಕ್ಕೆ ಯು-ಬೂಟ್ ಅಂತ ಹೆಸರಾಯ್ತು. 2012ರಲ್ಲಿ ಹೊಣೆ ಟಾಮ್ ರಿನಿಯವರ ಹೆಗಲಿಗೆ ಬಂತು. ಡೆಂಕ್ 2022ರಲ್ಲಿ ತೀರಿಕೊಂಡರು. ಮೂರು ತಿಂಗಳಿಗೊಂದು ಆವೃತ್ತಿ ಬರುವುದು ನಿಲ್ಲಲಿಲ್ಲ. ನಮ್ಮ ಪೋರ್ಟುಗಳೋ, ಒಬ್ಬ ಹುಡುಗನ ರಾಜೀನಾಮೆಗೇ ಸತ್ತುಹೋಗುತ್ತವೆ.

ಕನ್ನಡದಲ್ಲಿ ಬ್ಲಾಗ್ ಬರೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯುನಿಕೋಡ್‌ಗೆ ಮುಂಚೆ ಒಂದೊಂದು ತಂತ್ರಾಂಶಕ್ಕೂ ಒಂದೊಂದು ಫಾಂಟ್, ಒಂದೊಂದು ಸಂಕೇತ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ಆಗ ಟೈಪಿಸಿದ ಎಷ್ಟು ಲೇಖನ, ಎಷ್ಟು ಪುಸ್ತಕದ ಫೈಲುಗಳು ಈಗ ತೆರೆದರೆ ಬರೀ ಗೀಚು! ಪ್ರಿಂಟ್ ಚೆನ್ನಾಗಿ ಬಂತಲ್ಲ, ಕೆಲಸ ಮುಗಿಯಿತು ಅಂದುಕೊಂಡಿದ್ದೆವು. ಬೋರ್ಡ್ ಬೂಟ್ ಆಯ್ತಲ್ಲ ಅನ್ನುವುದೂ ಅದೇ ಮಾತು. ನಮ್ಮ ಅಕ್ಷರ ಉಳಿದದ್ದು ಎಲ್ಲರೂ ಒಪ್ಪಿದ ಒಂದು ಕಡೆ ತಂದು ಇಟ್ಟಾಗಲೇ ಅಲ್ಲವೇ?

ಹಾಗಾಗಿ ಎಂಬೆಡೆಡ್ ಕೆಲಸದಲ್ಲಿರುವ ಗೆಳೆಯರೇ, ನಿಮ್ಮ ಬೋರ್ಡಿಗೆ ಅದರದ್ದೇ ಹೆಸರು ಕೊಡಿ. ಅದರದ್ದೇ ಡೆಫ್‌ಕಾನ್ಫಿಗ್, ಡಿವೈಸ್ ಟ್ರೀ ಬರೆಯಿರಿ. ಮೆಮೊರಿ ಲೆಕ್ಕ ನೀವೇ ಅಳೆದು, ಯಾವ ಚಿಪ್ಪಿಗೆ ಅಂತ ಪಕ್ಕದಲ್ಲೇ ಬರೆದಿಡಿ. ಮೇಂಟೇನರ್ಸ್ ಫೈಲಿನಲ್ಲಿ ನಿಮ್ಮ ಹೆಸರು ಹಾಕಿ, ಪ್ಯಾಚ್ ಕಳಿಸಿ. ಕಂಪನಿ ಬಿಟ್ಟರೂ ಆ ಹೆಸರು ಅಲ್ಲಿರುತ್ತದೆ. ರೆಸ್ಯೂಮೆಯಲ್ಲಿ ಸಾಲು ಬರೆಯುವ ಬದಲು ಕೊಂಡಿ ಕೊಡಬಹುದು. ಮ್ಯಾನೇಜರುಗಳೇ, ಪ್ರಾಜೆಕ್ಟ್ ಪ್ಲಾನಿನಲ್ಲಿ ಇದಕ್ಕೆ ಎರಡು ವಾರ ಎತ್ತಿಡಿ.

ಏನಂತೀರಿ?

ಕೊಸರು: ಯು-ಬೂಟ್ ಅಂದರೆ ಜರ್ಮನ್ ಭಾಷೆಯಲ್ಲಿ ಜಲಾಂತರ್ಗಾಮಿ. ನಮ್ಮವರು ಅದನ್ನು ಅಕ್ಷರಶಃ ಪಾಲಿಸುತ್ತಿದ್ದಾರೆ, ಒಮ್ಮೆ ಮುಳುಗಿಸಿದರೆ ಮತ್ತೆ ಮೇಲೆ ಬರುವುದೇ ಇಲ್ಲ :-)